ಶಂಕಗಿರಿಯಲ್ಲಿ ಪಥ್ಯ

ಮನೆಯಲ್ಲಿದ್ದು ಆರೋಗ್ಯ ಕಾಪಾಡಿಕೊಳ್ಳುವುದಕ್ಕೆ ವಿಶೇಷ ಪ್ರತಿಭೆ ಬೇಡ. ತೂಕದ ಯಂತ್ರ ಮಂಚದ ಕೆಳಗಿರುತ್ತದೆ, ಪಾರ್ಕು ಎದುರಿಗಿರುತ್ತದೆ, ಎರಡನೇ ಹೋಳಿಗೆಗೆ ಕೈ ಚಾಚಿದರೆ ಕಣ್ಣಲ್ಲೇ ತಡೆಯುವ ಹೆಂಡತಿ ಇರುತ್ತಾಳೆ. ನಿಜವಾದ ಪರೀಕ್ಷೆ ಊರು ಬಿಟ್ಟ ಮೇಲೆ. ಸೇಲಂ ಬಳಿಯ ಶಂಕಗಿರಿಯ ಸೋದರತ್ತೆಯ ಮನೆಗೆ ಹೊರಟಾಗ ನನ್ನ ಚೀಲದಲ್ಲಿ ಓಡುವ ಬೂಟು, ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ, ಬಾದಾಮಿ, ಗ್ರೀನ್ ಟೀ ಎಲ್ಲ ಇದ್ದವು. ಕೈಗೆ ಹೆಜ್ಜೆ ಎಣಿಸುವ ಗಡಿಯಾರ. ಕಾಯಿಲೆ ಒಳಗೆ ನುಸುಳಲು ಸಂದಿಯೇ ಇರಲಿಲ್ಲ.

ಬೆಂಗಳೂರಿನಿಂದ ಹೊರಟ ಬಸ್ಸು ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟುವಾಗ ಗಡಿಯಾರ ಆಗಾಗ ನಡುಗಿ, ಎದ್ದು ಓಡಾಡು ಎಂದಿತು. ಎದ್ದು ನಿಂತರೆ ಕಂಡಕ್ಟರು ಎಲ್ಲಿ ಇಳಿಯಬೇಕು ಎಂದು ಕೇಳಿದ. ತೊಪ್ಪೂರು ಘಾಟಿಯ ತಿರುವುಗಳಲ್ಲಿ ನಾನು ಕಂಬಿ ಹಿಡಿದು ತೂಗಾಡಿದ್ದನ್ನೆಲ್ಲ ಗಡಿಯಾರ ನಡಿಗೆ ಎಂದೇ ಬರೆದುಕೊಂಡಿತು. ನಾನು ತಕರಾರು ಮಾಡಲಿಲ್ಲ.

ಸೇಲಂನಲ್ಲಿ ತಟ್ಟುವಡೆ ಸೆಟ್ ಎಂಬುದೊಂದು ಸಿಗುತ್ತದೆ. ಎರಡು ಪುಟ್ಟ ಗರಿಗರಿ ನಿಪ್ಪಟ್ಟಿನ ನಡುವೆ ಚಟ್ನಿ ಸವರಿ, ತುರಿದ ಕ್ಯಾರೆಟ್ಟು, ಬೀಟ್‌ರೂಟು ತುಂಬಿ ಕೊಡುತ್ತಾರೆ. ಹಸಿ ತರಕಾರಿ ತಿನ್ನಿ ಎಂದು ಡಾಕ್ಟರು ಹೇಳಿದ್ದರು. ಅದರ ಮೇಲೆ ಕೆಳಗೆ ಏನಿರಬಾರದು ಎಂದು ಹೇಳಿರಲಿಲ್ಲ.

ಇಷ್ಟು ದಾಟಿ ಬಂದವನಿಗೆ ಅತ್ತೆಯನ್ನು ದಾಟಲಾಗಲಿಲ್ಲ. ಸೇಲಂ ಸೀಮೆಯ ಎಷ್ಟೋ ದೇವಾಂಗರ ಮನೆಗಳಲ್ಲಿ ಮಗ್ಗದ ಜೊತೆ ಕನ್ನಡವೂ ತಲೆಮಾರುಗಳಿಂದ ಉಳಿದುಬಂದಿದೆ. ಅತ್ತೆಯದೂ ಅಂಥದೇ ಮನೆ. ಆ ಕನ್ನಡದಲ್ಲಿ ತಮಿಳು ಧಾರಾಳ ಬೆರೆತಿದೆ, ಆದರೆ 'ಸಾಕು' ಎಂಬ ಪದ ಮಾತ್ರ ಅತ್ತೆಗೆ ಯಾವ ಭಾಷೆಯಲ್ಲೂ ಅರ್ಥವಾಗುವುದಿಲ್ಲ. ಬೆಂಗಳೂರಿನ ಡಾಕ್ಟರು ತೂಕ ಇಳಿಸು ಎಂದು ಕಳಿಸಿದ ಇದೇ ದೇಹವನ್ನು ಬಾಗಿಲಲ್ಲೇ ನೋಡಿ ಅತ್ತೆ, "ಏನಪ್ಪಾ, ಹಿಂಗೆ ಒಣಗಿಹೋಗಿದ್ದೀಯ? ಅಲ್ಲಿ ಊಟ ಹಾಕಲ್ವಾ?" ಎಂದರು. ಮುಂದಿನದೆಲ್ಲ ಬಾಳೆಯೆಲೆಗೆ ಗೊತ್ತು. ಗ್ರೀನ್ ಟೀ ಕುಡಿಯುತ್ತೇನೆ ಎಂದಾಗ, "ಮೈ ಸರಿಯಿಲ್ವಾ?" ಎಂದು ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು.

ಅತ್ತೆಯ ಗಂಡ, ಅಂದರೆ ನನ್ನ ಮಾಮನ ತಂದೆ ಮಗ್ಗದಲ್ಲಿ ಕೂತವರು, ಮಾಮ ಲಾರಿ ಹತ್ತಿದವರು. ಶಂಕಗಿರಿ ಲಾರಿಗಳ ಊರು. ಇಲ್ಲಿ ಮದುವೆ ಮಾತುಕತೆಯಲ್ಲೂ ಟೈರಿನ ಬೆಲೆ ಬರುತ್ತದೆ. ಪ್ರಯಾಣದಲ್ಲಿ ಆರೋಗ್ಯದ ಬಗ್ಗೆ ಮಾತಾಡಲು ಯಾರಿಗಾದರೂ ಹಕ್ಕಿದ್ದರೆ ಅದು ರಸ್ತೆಯಲ್ಲೇ ಆಯುಸ್ಸು ಕಳೆದ ಇಂಥವರಿಗೆ. ಸೊಂಟ ನೋವು, ನಿದ್ದೆಗೇಡು, ಹೊತ್ತಲ್ಲದ ಹೊತ್ತಿನ ಊಟ ಕಸುಬಿನ ಜೊತೆಗೇ ಬಂದವು. ಮಾಮ ಕುರ್ಚಿಯಿಂದ ಏಳುವುದೂ ಸೊಂಟ ಹಿಡಿದುಕೊಂಡೇ. ಆದರೂ ಗಾಡಿ ನಿಂತಲ್ಲೆಲ್ಲ ಇಳಿದು, ಟೈರು ತಟ್ಟುತ್ತಾ ಒಂದು ಸುತ್ತು ಬರುವುದು, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು, ಲಾರಿಯ ಮಗ್ಗುಲಲ್ಲೇ ಸ್ಟವ್ ಹಚ್ಚಿ ಅನ್ನ ರಸ ಮಾಡಿಕೊಳ್ಳುವುದು, ಇದೇ ಅವರ ಜಿಮ್ಮು, ಇದೇ ಪಥ್ಯ. ನನ್ನ ರಬ್ಬರ್ ಪಟ್ಟಿಯನ್ನು ಎಳೆದು ನೋಡಿ, "ಇದರಲ್ಲಿ ಎಂಥಾ ಲೋಡು ಕಟ್ತೀಯಪ್ಪಾ?" ಎಂದು ಕೇಳಿದರು.

ಮರುದಿನ ಮಾಮ ನನ್ನನ್ನು ಶಂಕಗಿರಿ ಕೋಟೆಗೆ ಹತ್ತಿಸಿದರು. ಊರಿನ ನೆತ್ತಿಯ ಮೇಲೇ ನಿಂತ ಕಲ್ಲುಗುಡ್ಡ. ವಿಜಯನಗರದ ಕಾಲದ್ದು ಎನ್ನುವ ಕೋಟೆ ಮುಂದೆ ಹೈದರ್, ಟಿಪ್ಪುವಿನ ಕೈಯಲ್ಲಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಸೇಲಂ ಸೀಮೆಯ ಜೊತೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಅದಕ್ಕೂ ಮುಂಚೆ ಈ ಕಡೆಯಿಂದ ಮೈಸೂರಿಗೆ ಸಾಗುತ್ತಿದ್ದ ಕಂದಾಯವನ್ನು ಕೊಂಗುನಾಡಿನ ಪಾಳೆಯಗಾರ ಧೀರನ್ ಚಿನ್ನಮಲೈ ದಾರಿಯಲ್ಲೇ ಕಿತ್ತುಕೊಂಡನೆಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲಿದೆ. ಅವನೇ ಮುಂದೆ ಟಿಪ್ಪುವಿನ ಕಡೆ ನಿಂತು ಕಂಪನಿಯ ವಿರುದ್ಧ ಕಾದಾಡಿದ. 1805ರ ಜುಲೈ 31ರಂದು ಇದೇ ಕೋಟೆಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಆ ಕಾಲದ ಪ್ರಯಾಣಿಕನಿಗೆ ತಲೆ ಕುತ್ತಿಗೆಯ ಮೇಲಿದ್ದರೆ ಅದೇ ಆರೋಗ್ಯ.

ಕೋಟೆಗೆ ಬಾಗಿಲ ಮೇಲೆ ಬಾಗಿಲು. ಪ್ರತಿ ಬಾಗಿಲು ಬಂದಾಗಲೂ ನನಗೆ ಇತಿಹಾಸದಲ್ಲಿ ಆಸಕ್ತಿ ಹುಟ್ಟುತ್ತಿತ್ತು. ಗೋಡೆಗೆ ಒರಗಿ, ಕಲ್ಲಿನ ಕೆಲಸವನ್ನು ಬಹಳ ಹೊತ್ತು ಮೆಚ್ಚುತ್ತಿದ್ದೆ. ಬಾಗಿಲುಗಳನ್ನು ಶತ್ರುವನ್ನು ತಡೆಯಲು ಕಟ್ಟಿದರಂತೆ, ಏದುಸಿರಿನ ನೆಂಟನಿಗೆ ಅವು ಮಾಡುವ ಉಪಕಾರವನ್ನು ಯಾವ ಚರಿತ್ರೆಕಾರನೂ ಬರೆದಿಲ್ಲ. ಸೊಂಟ ನೋವಿನ ಮಾಮ ಹವಾಯಿ ಚಪ್ಪಲಿಯಲ್ಲಿ, ಡೀಸೆಲ್ ಬೆಲೆ ಬೈಯುತ್ತಾ, ಮುಂದೆ ಮುಂದೆ ಹೋಗುತ್ತಿದ್ದರು. ಅವರ ಮಾತಿಗೆ ಹೂಂ ಅನ್ನಲೂ ನನ್ನಲ್ಲಿ ಉಸಿರು ಮಿಕ್ಕಿರಲಿಲ್ಲ. ಓಡುವ ಬೂಟು ಓಡಲಿಲ್ಲ.

ನೀವು ಶಂಕಗಿರಿಗೆ ಹೋಗುವುದಾದರೆ ಬಿಸಿಲೇರುವ ಮುಂಚೆ ಹತ್ತಿ, ಕಲ್ಲು ಬೇಗ ಕಾಯುತ್ತದೆ. ನೀರನ್ನು ಕೆಳಗಿನಿಂದಲೇ ಒಯ್ಯಿರಿ. ಊರಲ್ಲಿ ಅತ್ತೆ ಇದ್ದರೆ ಮೊದಲು ಬೆಟ್ಟ ಮುಗಿಸಿ, ಆಮೇಲೆ ಅವರ ಮನೆಯ ಬಾಗಿಲು ತಟ್ಟಿ.