ಲ್ಯಾಪ್‌ಟಾಪಿಗೂ ಬಂತು ಮುಳುಗಡೆ ನೋಟಿಸು

ಬಾಗಲಕೋಟೆ ಜಿಲ್ಲೆಯ ಜನಕ್ಕೆ ಎರಡು ಸಂಖ್ಯೆ ಬಾಯಿಪಾಠ. 519.60 ಮೀಟರ್ ಅಂದರೆ ಆಲಮಟ್ಟಿ ಜಲಾಶಯದ ಈಗಿನ ಮಟ್ಟ, 524.256 ಅಂದರೆ ಮುಂದೆ ಏರಬೇಕಾದ ಮಟ್ಟ. ಮನೆ ಗಟ್ಟಿಮುಟ್ಟಾಗಿದೆಯೇ, ಅಜ್ಜ ಕಟ್ಟಿಸಿದ್ದೇ, ತೊಲೆ ಸಾಗವಾನಿಯದೇ ಎಂದು ಯಾರೂ ಕೇಳುವುದಿಲ್ಲ. ಗೆರೆ ಕೆಳಗಿದ್ದರೆ ಮುಳುಗಡೆ, ಮೇಲಿದ್ದರೆ ಬಚಾವು. ಹಳೇ ಊರು ಬಿಟ್ಟು ನವನಗರದ ಸೆಕ್ಟರುಗಳಿಗೆ ಬಂದವರಿಗೆ ಈ ಗಣಿತವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಗೆ ನಮ್ಮ ಭೂಸ್ವಾಧೀನ ಕಚೇರಿಯಲ್ಲಿ ಯಾರಾದರೂ ತರಬೇತಿ ಕೊಟ್ಟರೋ ಏನೋ. 2025ರ ಅಕ್ಟೋಬರ್ 14ಕ್ಕೆ ಅದು ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟಿತು. ಬೇಕಾದವರು ಪುಕ್ಕಟೆಯಾಗಿ ವಿಂಡೋಸ್ 11ಕ್ಕೆ ಬರಬಹುದು, ಆದರೆ ಲ್ಯಾಪ್‌ಟಾಪು ಗೆರೆ ಮೇಲಿರಬೇಕು: ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು, ಇಂಟೆಲ್ ಆದರೆ ಸುಮಾರಾಗಿ 8ನೇ ಪೀಳಿಗೆ ಇಲ್ಲವೇ ಅದರ ನಂತರದ ಪ್ರೊಸೆಸರ್. 7ನೇ ಪೀಳಿಗೆಯದೇ? ಮುಳುಗಡೆ. ಯಂತ್ರ ಓಡುತ್ತಿರಲಿ, ಪರದೆ ಹೊಳೆಯುತ್ತಿರಲಿ, ಬ್ಯಾಟರಿ ಎರಡು ತಾಸು ಬರುತ್ತಿರಲಿ, ಮುಳುಗಡೆ ಅಂದರೆ ಮುಳುಗಡೆ. ಹೀಗೆ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಗುಜರಿಗೆ ಹೋಗಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. 2015ರಲ್ಲಿ ಇದೇ ಮೈಕ್ರೋಸಾಫ್ಟಿನ ನೌಕರರೊಬ್ಬರು ವಿಂಡೋಸ್ 10 ಎಂಬುದೇ ಕೊನೆಯ ವಿಂಡೋಸ್ ಎಂದು ವೇದಿಕೆ ಮೇಲೆ ಹೇಳಿದ್ದರು. ‘ಇದೇ ಕೊನೆಯ ಎತ್ತರ, ಇನ್ನು ಏರಿಸುವುದಿಲ್ಲ’ ಎಂಬ ಮಾತು ನಾವು ಕೇಳದ್ದೇನಲ್ಲ ಬಿಡಿ.

ಪರಿಹಾರದ ವಿಷಯದಲ್ಲಿ ಮಾತ್ರ ನಮ್ಮ ಸರ್ಕಾರವೇ ವಾಸಿ. ಆಲಮಟ್ಟಿಯ ಮಟ್ಟ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ಮುಳುಗುವ ಜಮೀನಿಗೆ ಅದು 2025ರ ಸೆಪ್ಟೆಂಬರಿನಲ್ಲಿ ದರ ನಿಗದಿ ಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ಮೈಕ್ರೋಸಾಫ್ಟಿನ ಲೆಕ್ಕದಲ್ಲೂ 30 ಇದೆ, ಆದರೆ ಅದು 30 ಡಾಲರು, ಅದನ್ನು ಕೊಡಬೇಕಾದವರು ಮುಳುಗುವವರು! ಕೊಟ್ಟರೆ 2026ರ ಅಕ್ಟೋಬರ್ 13ರ ತನಕ ಭದ್ರತೆಯ ಅಪ್‌ಡೇಟ್ ಪಡೆಯುತ್ತ ಹಳೇ ಮನೆಯಲ್ಲಿ ಇರಬಹುದು. ದುಡ್ಡಿಲ್ಲದಿದ್ದರೆ ನಿಮ್ಮ ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಅವರ ಕ್ಲೌಡ್ ಉಗ್ರಾಣದಲ್ಲಿ ಇಟ್ಟರೂ ನಡೆಯುತ್ತದೆ.

ನವನಗರದ ಒಂದು ಡಿಟಿಪಿ ಅಂಗಡಿಗೆ ಈ ನೋಟಿಸು ಬಂದಾಗ ನಾನು ಅಲ್ಲೇ ಇದ್ದೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಪುಣ್ಯಸ್ಮರಣೆಯ ಕಾರ್ಡು, ಗ್ರಾಮ ಪಂಚಾಯ್ತಿಯ ಅರ್ಜಿ, ಎಲ್ಲಕ್ಕೂ ಒಂದೇ ಲ್ಯಾಪ್‌ಟಾಪು. ಮಾಲೀಕರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ‘ಮಷಿನ್ ನೆಟ್ಟಗ ಐತಿ ಸರ. ಬ್ಯಾನಿ ಇಲ್ಲ ಬ್ಯಾಸರಕಿ ಇಲ್ಲ. ಮತ್ತ ಸತ್ತೈತಿ ಅಂತ ಹೆಂಗ ಹೇಳ್ತಾರ್ರಿ?’

ಅಷ್ಟರಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಪ್ರಾಜೆಕ್ಟ್ ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗ್ ಮಾಡಿಸಲು ಬಂದ. ನಮ್ಮ ಕಾಲದಲ್ಲಿ ಈ ವಯಸ್ಸಿನವರು ಕ್ರಾಂತಿ ಮಾಡಲು ಕೆಂಪು ಪುಸ್ತಕ ತರುತ್ತಿದ್ದರು, ಈಗ ಪೆನ್‌ಡ್ರೈವ್ ತರುತ್ತಾರೆ. ‘ಅಂಕಲ್, ವಿಂಡೋಸ್ ಬದಲಿ ಲಿನಕ್ಸ್ ಅನ್ನೂ ಓಎಸ್ ಹಾಕ್ರಿ. ಫ್ರೀ. ವೈರಸ್ ಕಾಟ ಕಮ್ಮಿ. ಇನ್‌ಸ್ಟಾಲ್ ಮಾಡೂದೂ ಬ್ಯಾಡ, ಮೊದಲು ಹಂಗ ಚಲಾಯಿಸಿ ನೋಡ್ರಿ.’ ಹುಡುಗ ಸುಳ್ಳು ಹೇಳಲಿಲ್ಲ. ಪೆನ್‌ಡ್ರೈವಿನಿಂದಲೇ ಇಡೀ ವ್ಯವಸ್ಥೆ ಎದ್ದು ನಿಂತಿತು. ವೈಫೈ ಹಿಡಿಯಿತು, ಯೂಟ್ಯೂಬ್ ಹಾಡಿತು. ಸತ್ತದ್ದೆಂದು ಘೋಷಿತವಾದ ಯಂತ್ರ ಮೊದಲಿಗಿಂತ ಚುರುಕಾಗಿ ಓಡಿತು.

ಆಮೇಲೆ ಮಾಲೀಕರು 2006ರ ಒಂದು ಲಗ್ನಪತ್ರಿಕೆಯ ಫೈಲು ತೆರೆದರು.

‘ಕನ್ನಡ’ ಎಂಬ ಮೂರಕ್ಷರ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೊಂದು ಗೆರೆಯ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೆ ಎ. ಚಿರಂಜೀವಿ ವರನೂ ಸೌಭಾಗ್ಯವತಿ ವಧುವೂ ಪೌಂಡ್ ಲೆಕ್ಕದಲ್ಲಿ ಮದುವೆಯಾಗುತ್ತಿದ್ದರು. ಹುಡುಗ ಕಕ್ಕಾಬಿಕ್ಕಿ. ಇದು ಲಿನಕ್ಸಿನ ತಪ್ಪಲ್ಲ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೇ ಫೈಲುಗಳ ಒಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಸಂಕೇತಗಳಿಗೆ ಫಾಂಟು ಕನ್ನಡದ ವೇಷ ತೊಡಿಸಿರುತ್ತದೆ, ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಬಾದಾಮಿಯ ಬಂಡೆ ಮೇಲಿನ ಕಪ್ಪೆ ಅರಭಟ್ಟನ ಶಾಸನ ಓದಲು ಶಾಸನತಜ್ಞರಾದರೂ ಸಿಗುತ್ತಾರೆ, ನಮ್ಮ ಇಪ್ಪತ್ತು ವರ್ಷದ ಹಿಂದಿನ ಲಗ್ನಪತ್ರಿಕೆ ಓದಿಸಲು ಇನ್ನು ಯಾವ ಇಲಾಖೆಗೆ ಅರ್ಜಿ ಹಾಕಬೇಕೋ. ಫಾಂಟನ್ನು ನಕಲು ಮಾಡಿ ಹಾಕಿದರೆ ಅಕ್ಷರವೇನೋ ಮರಳುತ್ತದೆ. ಆದರೆ ಅಂಗಡಿಯ ಜೀವ ಇರುವುದು ಪುಟ ವಿನ್ಯಾಸ ಮಾಡುವ 2001ರ ಪೇಜ್‌ಮೇಕರ್ 7ರಲ್ಲಿ. ಅದನ್ನು ಮಾಡಿದ ಕಂಪನಿಯೇ ಅದನ್ನು ಕೈಬಿಟ್ಟು ಎರಡು ದಶಕವಾಯಿತು, ನಮ್ಮ ಡಿಟಿಪಿಯವರು ಬಿಟ್ಟಿಲ್ಲ. ಲಿನಕ್ಸಿಗೆ ಪೇಜ್‌ಮೇಕರ್ ಬರುವುದಿಲ್ಲ. ಪ್ರಿಂಟರಂತೂ ಹೊಸ ಸೊಸೆಯ ಮುಖ ನೋಡಲೊಲ್ಲದ ಅತ್ತೆಯ ಹಾಗೆ ಗರ್ ಎಂದು ಒಮ್ಮೆ ಗೊಣಗಿ ಸುಮ್ಮನಾಯಿತು.

ನಿಜವಾದ ತಮಾಷೆ ಆಮೇಲಿನದು. ಕೀಬೋರ್ಡಿನ ಪಟ್ಟಿ ತೆರೆದರೆ ಕನ್ನಡದ ಎದುರು ‘ಕಗಪ’ ಎಂದಿತ್ತು. ಕನ್ನಡ ಗಣಕ ಪರಿಷತ್ತು! ಕೆ.ಪಿ. ರಾವ್ ಅವರು ರೂಪಿಸಿದ, ನಮ್ಮ ಟೈಪಿಸ್ಟರ ಬೆರಳುಗಳಿಗೆ ಅಂಟಿದ ಅದೇ ಕೀಲಿಮಣೆ, ಯಾರೂ ಕೇಳದೆಯೇ ಲಿನಕ್ಸಿನ ಒಳಗೆ ಬಂದು ಕೂತಿದೆ. ಮಾಲೀಕರು ಒಂದು ಸಾಲು ಟೈಪಿಸಿದರು, ತಪ್ಪಿಲ್ಲದೆ ಬಂತು. ‘ಇದನ್ನ ಯಾರೂ ಹೇಳಲೇ ಇಲ್ಲಲ್ರಿ?’ ಹೇಳಬೇಕಾದವರು ಉದ್ಘಾಟನೆಯಲ್ಲಿದ್ದರು ಸ್ವಾಮಿ.

ಆ ಉದ್ಘಾಟನೆಗಳ ಪಟ್ಟಿಯೂ ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೇರಿ ಮಾಡಿದ ಸಿಂಪ್ಯೂಟರ್ ಲಿನಕ್ಸಿನ ಮೇಲೆ ಓಡುತ್ತಿತ್ತು, ಹಳ್ಳಿಯವರ ಕೈಗೆ ಬರಲಿತ್ತು. 50,000 ಮಾರುವ ಗುರಿಗೆ 2005ರ ಹೊತ್ತಿಗೆ ಹೋದದ್ದು ಸುಮಾರು 4,000. 2011ರ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ ಆಕಾಶ್ ಟ್ಯಾಬ್ಲೆಟ್ ಇಳಿಯಿತು. 256 ಎಂಬಿ ಮೆಮೊರಿ, ಬೆರಳಿನಿಂದ ಒತ್ತಿ ತಿವಿದರಷ್ಟೇ ಎಚ್ಚರಾಗುವ ಪರದೆ. 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಕಾಲೇಜುಗಳ 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಸಮಾರಂಭ. ಟ್ಯಾಬ್ಲೆಟ್‌ಗೆ ಹೊಸ ಓಎಸ್ ಹಾಕಿ ನೋಡುವುದು ಲ್ಯಾಪ್‌ಟಾಪಿನಷ್ಟು ಸಸಾರವಲ್ಲ, ತಯಾರಕರು ಹಾಕಿದ ಬೂಟ್‌ಲೋಡರಿನ ಬೀಗ ಮುರಿಯಬೇಕು. ಆದ್ದರಿಂದ ಅಪ್‌ಡೇಟ್ ನಿಂತ ಟ್ಯಾಬ್ಲೆಟ್ಟಿಗೆ ಮನೆಯಲ್ಲಿ ಎರಡೇ ಉದ್ಯೋಗ, ಮಗುವಿಗೆ ಊಟ ಮಾಡಿಸುವಾಗ ಕಾರ್ಟೂನು, ಮಿಕ್ಕ ವೇಳೆ ಬಟ್ಟೆಗಳ ಅಡಿಯಲ್ಲಿ ನಿದ್ದೆ.

ಸ್ವದೇಶಿ ಓಎಸ್‌ಗಳ ಕಥೆ ಇನ್ನೂ ಚೆಂದ. 2007ರಲ್ಲಿ ಕೇಂದ್ರ ಸರ್ಕಾರದ ಸಿ-ಡಾಕ್ ಸಂಸ್ಥೆ ‘ಬಾಸ್’ ಎಂಬ ಲಿನಕ್ಸನ್ನು ಹೊರತಂದಿತು, ನಮ್ಮ ಯಾವ ತಾಲ್ಲೂಕಾಫೀಸಿನ ಟೇಬಲ್ಲಿನ ಮೇಲೂ ನಾನಂತೂ ಆ ಬಾಸನ್ನು ನೋಡಿಲ್ಲ. 2023ರ ಜನವರಿಯಲ್ಲಿ ಐಐಟಿ ಮದ್ರಾಸಿನ ‘ಭರೋಸ್’ ಬಂತು, ಕೇಂದ್ರದ ಇಬ್ಬರು ಮಂತ್ರಿಗಳು ಕ್ಯಾಮೆರಾ ಎದುರು ಪರೀಕ್ಷಿಸಿದರು. ಮಂತ್ರಿಗಳು ಪರೀಕ್ಷಿಸಿದ ಮೇಲೆ ಫೇಲಾಗುವ ಪ್ರಶ್ನೆಯೇ ಇಲ್ಲವಲ್ಲ.

ಅತ್ತ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಹತ್ತನೇ ತರಗತಿಯ ಐಟಿ ಪರೀಕ್ಷೆಯನ್ನು ಲಿನಕ್ಸಿನಲ್ಲೇ ಬರೆಯುತ್ತಾರೆ. ಅಂದರೆ ಕಾಸರಗೋಡಿನ ಕನ್ನಡದ ಹುಡುಗನಿಗೆ ಇದು ಪಠ್ಯ, ಕರ್ನಾಟಕದ ಒಳಗಿರುವ ಹುನಗುಂದದ ಹುಡುಗನಿಗೆ ಪವಾಡ. ಗಡಿಯ ಆಚೆ ಉಳಿದದ್ದಕ್ಕೆ ಕಾಸರಗೋಡಿನವರಿಗೆ ಸಿಕ್ಕ ಲಾಭ ಇದೊಂದೇ ಇರಬಹುದು.

ಇನ್ನು ನಮ್ಮ ಕಡೆಯವರನ್ನೂ ಬಿಡುವ ಹಾಗಿಲ್ಲ. ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಲಿನಕ್ಸಿನ ಮಾತೆತ್ತಿದೆ. ‘ಲೆಕ್ಕದ ಟ್ಯಾಲಿ ಓಡ್ತೈತೇನ್ರಿ?’ ಎಂದರು. ‘ಇಲ್ಲ, ಅದು ವಿಂಡೋಸಿಗೆ ಮಾಡಿದ್ದು’ ಎಂದೆ. ‘ಹಂಗಾದ್ರ ಚಾ ಕುಡೀರಿ.’ ಜಿಎಸ್‌ಟಿ ತಿಂಗಳಿಗೊಮ್ಮೆ ಬಾಗಿಲು ಬಡಿಯುವಾಗ ಸ್ವಾತಂತ್ರ್ಯದ ಮಾತು ಯಾರಿಗೂ ಬೇಡ, ನ್ಯಾಯವೇ. ಆದರೆ ಅದೇ ಲ್ಯಾಪ್‌ಟಾಪಿನ ವಿಂಡೋಸು ಎಲ್ಲಿಯದು ಎಂದು ಕೇಳಿದರೆ ‘ಒಬ್ಬ ಹುಡುಗ ಐನೂರು ರೂಪಾಯಿಗೆ ಹಾಕಿಕೊಟ್ಟಾನ’ ಎಂಬ ಉತ್ತರ. ಲೈಸೆನ್ಸ್ ಎಂಬ ಮಾತು ಅಲ್ಲಿ ಯಾರಿಗೂ ಅಡ್ಡ ಬಂದಿಲ್ಲ. ಬಾದಾಮಿಯ ಲಾಡ್ಜಿನ ರಿಸೆಪ್ಷನ್ನಿನಲ್ಲೂ ಇದೇ ಕಥೆ. ವಿದೇಶಿ ಪ್ರವಾಸಿ ಬಂದ 24 ತಾಸಿನೊಳಗೆ ಪಾಸ್‌ಪೋರ್ಟಿನ ವಿವರವೆಲ್ಲ ತುಂಬಿ ಸರ್ಕಾರಕ್ಕೆ ಆನ್‌ಲೈನ್ ಫಾರ್ಮ್ ಸಲ್ಲಿಸಬೇಕು. ಆ ವಿವರ ಹಾದುಹೋಗುವುದು ಒಬ್ಬ ಹುಡುಗ ಹಾಕಿಕೊಟ್ಟ ವಿಂಡೋಸಿನಿಂದ. ಅಲ್ಲಿ ಬೇಕಾದದ್ದು ಒಂದು ಬ್ರೌಸರ್ ಮಾತ್ರ, ಲಿನಕ್ಸ್ ಹಾಕಿದರೆ ಕೆಲಸ ನಿಲ್ಲುವುದಿಲ್ಲ. ಆದರೂ ಕದ್ದ ವಿಂಡೋಸಿಗಿರುವ ಮರ್ಯಾದೆ ಪುಕ್ಕಟೆ ಲಿನಕ್ಸಿಗಿಲ್ಲ. ಕದಿಯಲಾದರೂ ಯೋಗ್ಯತೆ ಇರುವ ವಸ್ತುವಾಗಿರಬೇಕು ಎಂಬುದು ನಮ್ಮ ಗಟ್ಟಿ ನಂಬಿಕೆ.

ಪೆನ್‌ಡ್ರೈವ್ ಹಿಡಿದ ಹುಡುಗರಿಗೂ ಒಂದು ಮಾತು. ಓಎಸ್ ಬದಲಿಸುವುದು ನಿಮಗೆ ಭಾನುವಾರದ ಆಟ, ಡಿಟಿಪಿ ಅಂಗಡಿಗೆ ಅದು ಲಗ್ನದ ಸೀಜನ್ನು. ‘ಫ್ರೀ’ ಎಂದು ಹೇಳುವ ಮೊದಲು ಪ್ರಿಂಟರ್ ಹಚ್ಚಿ ತೋರಿಸಿ, ಹಳೇ ಫೈಲು ತೆರೆದು ತೋರಿಸಿ. ಅದು ಬಿಟ್ಟು ಕರಿ ಪರದೆ ಮೇಲೆ ಬಿಳಿ ಅಕ್ಷರ ಓಡಿಸಿದರೆ ಮಾಲೀಕರು ಹೆದರುತ್ತಾರೆ, ಗಿರಾಕಿ ಎದ್ದು ಹೋಗುತ್ತಾನೆ.

ಓದುಗರೇ, ಲ್ಯಾಪ್‌ಟಾಪು ಗೆರೆ ಕೆಳಗಿದೆ ಎಂದು ಗುಜರಿಯವನಿಗೆ ಕೊಡಬೇಡಿ. ನಿಮ್ಮ ಕೆಲಸ ಬ್ರೌಸರಿನಲ್ಲೇ ಮುಗಿಯುವುದಾದರೆ ಲಿನಕ್ಸ್ ತುಂಬಿದ ಒಂದು 8 ಜಿಬಿ ಪೆನ್‌ಡ್ರೈವ್ ಸಾಕು, ಹಾಕಿ ನೋಡಿ, ಬೇಡವಾದರೆ ತೆಗೆಯಿರಿ, ಲ್ಯಾಪ್‌ಟಾಪಿನ ಒಳಗಿನದೇನೂ ಅಳಿಯುವುದಿಲ್ಲ. ಟ್ಯಾಲಿ, ಪೇಜ್‌ಮೇಕರ್ ಇದ್ದವರು 2026ರ ಅಕ್ಟೋಬರ್ 13ರ ತನಕದ ಆ ಹೆಚ್ಚುವರಿ ಭದ್ರತೆಗೆ ಹೆಸರು ಹಚ್ಚಿ. ನುಡಿಯಲ್ಲಿ ಹಳೇ ಫೈಲು ಇಟ್ಟುಕೊಂಡವರು ಮಾತ್ರ ಓಎಸ್ ಯಾವುದೇ ಇರಲಿ, ಮೊದಲು ಅವನ್ನೆಲ್ಲ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಪರಿವರ್ತಕ ನುಡಿಯ ಜತೆಗೇ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ.