ಹಟ್ಟಿಗೋಡೆಯ ಹಲಗೆ: ಒಂದು ದ್ವೈತ ವಿಚಾರ

ಹಟ್ಟಿಯಂಗಡಿಯ ಕುರಿತು ವಿದ್ವಾಂಸರು ಬರೆದದ್ದು ಕಡಿಮೆಯಿಲ್ಲ. ಆಳುಪರು, ಬಸದಿ, ಶಾಸನ, ಸಿದ್ಧಿವಿನಾಯಕ, ವಾರಾಹಿ ಹೊಳೆ, ಎಲ್ಲಕ್ಕೂ ಅಡಿಟಿಪ್ಪಣಿಯ ಭಾಗ್ಯ ಒದಗಿದೆ. ಆದರೆ ದನ ಮಾರಿದ ಮೇಲೆ ಖಾಲಿ ಬಿದ್ದ ಹಟ್ಟಿಯನ್ನು ಯಜಮಾನರು ಮರಗೆಲಸದ ಕೋಣೆ ಮಾಡಿಕೊಂಡರೆ ಅದರ ಒಳಗೋಡೆಗೆ ಯಾವ ಹಲಗೆ ಹೊಡೆಸಬೇಕೆಂಬ ಮೂಲಭೂತ ಪ್ರಶ್ನೆಯಲ್ಲಿ ಪಿ. ಗುರುರಾಜ ಭಟ್ಟರ 1975ರ ತುಳುವ ಇತಿಹಾಸದ ಬೃಹದ್ಗ್ರಂಥವೂ ನಮ್ಮ ಕೈಬಿಡುತ್ತದೆ. ಆ ಕೊರತೆ ನೀಗಿಸಲೆಂದೇ ಈ ಪ್ರಬಂಧ.

ಮೊದಲು ಗೋಡೆ. ಇದು ಕೆಂಪುಕಲ್ಲಿನದು. ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದ. ಕೋರೆಯಲ್ಲಿ ಮೆತ್ತಗೆ, ಗಾಳಿ ಸೋಕಿದ ಮೇಲೆ ಗಟ್ಟಿ ಎಂದು ಸರಿಯಾಗಿಯೇ ಬರೆದ. ಆದರೆ ಆತ ನಮ್ಮ ಕರಾವಳಿಯನ್ನು ಹಾದುಹೋದದ್ದು 1801ರ ಆರಂಭದ ಒಣ ತಿಂಗಳುಗಳಲ್ಲಿ. ಆಸಾಡಿಯಲ್ಲಿ ಬಂದು ಒಂದು ರಾತ್ರಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರೆ ಬೇರೆಯೇ ಹೆಸರಿಡುತ್ತಿದ್ದ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ, ಮೈಯೆಲ್ಲ ತೂತಾದ ಆ ಕಲ್ಲು ಜೂನಿನಲ್ಲಿ ಕುಡಿಯಲು ಕೂತರೆ ದೀಪಾವಳಿವರೆಗೂ ತೇಗುತ್ತಿರುತ್ತದೆ.

ಹಾಗಾದರೆ ಹಲಗೆಯ ಗೊಡವೆಯೇ ಏಕೆ ಎಂದರೆ, ಮೊಳೆಗಾಗಿ. ಕೆಂಪುಕಲ್ಲಿಗೆ ಮೊಳೆ ಹೊಡೆದರೆ ಮೊಳೆಯ ಜೊತೆ ಅಂಗೈಯಗಲ ಗಾರೆಯೂ ಕೈಗೆ ಬರುತ್ತದೆ. ಗರಗಸ, ಉಳಿ, ಕೀಸುಳಿಗಳನ್ನು ಮನಸ್ಸು ಬಂದಲ್ಲಿ ನೇತುಹಾಕಲು ಬಿಡುವುದೇ ಒಳಹಲಗೆಯ ಲಕ್ಷಣ. ಈ ಲಕ್ಷಣದಿಂದಲೇ ಪೂರ್ವಪಕ್ಷಗಳು ಬಿದ್ದುಹೋಗುತ್ತವೆ. ಜಿಪ್ಸಂ ಬೋರ್ಡು ಕ್ಷಣಿಕವಾದಿ: ಬೆಂಗಳೂರಿನ ಆಫೀಸಿನಲ್ಲಿ ಶೋಭಿಸಿ, ನಮ್ಮ ಒದ್ದೆಗೋಡೆಯ ಬಳಿ ಒಂದು ಮಳೆಗಾಲಕ್ಕೆ ಹಿಟ್ಟಾಗುತ್ತದೆ. ಪಿವಿಸಿ ಪಟ್ಟಿ ಮಾಯಾವಾದಿ: ಕಣ್ಣಿಗೆ ಸಾಗುವಾನಿ, ಬಡಿದರೆ ಒಳಗೆಲ್ಲ ಪೊಳ್ಳು. ಸಿಮೆಂಟ್ ಬೋರ್ಡಿಗೆ ನೀರಿನ ಭಯವಿಲ್ಲ, ಆದರೆ ಮೊಳೆ ಕಂಡರೆ ಬಿರುಕು ಬಿಡುತ್ತದೆ.

ಉಳಿದದ್ದು ಪ್ಲೈವುಡ್ಡು. ಅದನ್ನು ಅರಿಯಲು ಪ್ರಮಾಣಗಳು ಮೂರು. ಹಾಳೆಯ ಮೇಲಿನ ಐಎಸ್ 710 ಎಂಬ ಮುದ್ರೆಯೇ ಆಗಮ. ಐಎಸ್ 303 ಎಂದಿದ್ದರೆ ಮುಂದೆ ಎಂಆರ್ ಇದೆಯೋ ಬಿಡಬ್ಲ್ಯೂಆರ್ ಇದೆಯೋ ನೋಡಬೇಕು. ಎಂಆರ್ ಎಂಬುದು ತೇವವನ್ನು ಸಹಿಸುತ್ತೇನೆಂದು ಮಾತು ಕೊಟ್ಟದ್ದು ಮಾತ್ರ. ತುಂಡೊಂದನ್ನು ಬಚ್ಚಲ ಹಂಡೆಯಲ್ಲಿ 72 ಗಂಟೆ ಕುದಿಸಿ ಪದರ ಬಿಡುವುದೇ ಎಂದು ನೋಡುವುದು ಪ್ರತ್ಯಕ್ಷ. ಇದಕ್ಕೆ ಮನೆಯವರ ಸ್ನಾನ ತಪ್ಪುವುದರಿಂದ ಹೆಚ್ಚಿನವರು ಅಂಗಡಿಯವರ ಮಾತಿನ ಮೇಲಿನ ಅನುಮಾನದಲ್ಲೇ ನಿಲ್ಲುತ್ತಾರೆ. ದಪ್ಪ 12 ಮಿ.ಮೀ. ಸಾಕು. 6 ಮಿ.ಮೀ. ತಂದವರ ಮೊಳೆ ಮರುವರ್ಷ ನೆಲದಲ್ಲಿ ಸಿಗುತ್ತದೆ.

ಇನ್ನು ಸಿದ್ಧಾಂತ. ಗೋಡೆಗೆ ಅಂಟು ಬಳಿದು ಹಲಗೆಯನ್ನು ನೇರ ಒತ್ತಿಬಿಡುವ ಅದ್ವೈತಿಗಳಿದ್ದಾರೆ. ಅವರಿಗೆ ಒಂದೇ ಮಳೆಗಾಲದಲ್ಲಿ ಸಾಕ್ಷಾತ್ಕಾರವಾಗುತ್ತದೆ: ಗೋಡೆ, ಹಲಗೆ, ಬೂಷ್ಟು ಮೂರೂ ಒಂದೇ. ಉಡುಪಿಯ ಇಷ್ಟು ಸಮೀಪದಲ್ಲಿ ಇದು ಸಲ್ಲದು. ಮಧ್ವರು ಹೇಳಿದ ಪಂಚಭೇದಗಳಲ್ಲಿ ಜಡ-ಜಡ ಭೇದವೇ ಇಲ್ಲಿ ಪ್ರಧಾನ. ಗೋಡೆಗೂ ಹಲಗೆಗೂ ನಡುವೆ ಒಂದು ಇಂಚಿನ ರೀಪು, ಹಲಗೆಗೂ ಹಲಗೆಗೂ ನಡುವೆ ಎರಡು ಮೂರು ಮಿ.ಮೀ. ಸಂದು, ಹಲಗೆಗೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಅಂತರ. ಎಂಟು ನಾಲ್ಕರ ಹಾಳೆಯ ಅಂಚು ರೀಪಿನ ಮೇಲೆಯೇ ಕೂರಬೇಕಾದ್ದರಿಂದ ರೀಪುಗಳನ್ನು ಎರಡಡಿಗೊಂದರಂತೆ ನಿಲ್ಲಿಸತಕ್ಕದ್ದು. ಮೇಲೆ ಕೆಳಗೆ ಸಂದು ತೆರೆದೇ ಇರಬೇಕು. ಮುಚ್ಚಿದರೆ ಗೋಡೆ ತೇಗಿದ್ದೆಲ್ಲ ಹಲಗೆಯ ಬೆನ್ನಿಗೇ. ಹಿಂಬದಿಗೂ ಅಂಚಿಗೂ ಬಣ್ಣ ಬಳಿಯದೆ ಎದುರಿಗಷ್ಟೇ ಬಳಿದದ್ದು ಅಪೂರ್ಣ ಜ್ಞಾನ. ವಯರು ಎಲ್ಲಿ ಹೋಗಿದೆಯೆಂದು ಹಲಗೆಯ ಮೇಲೆ ಗೀಟು ಎಳೆದಿಡದವರಿಗೆ ಜ್ಞಾನ ಮೊಳೆಯ ಮುಖಾಂತರ ಒಮ್ಮೆಲೇ ಬರುತ್ತದೆ.

ಈ ಭಾಗಕ್ಕೆ ಊರಿನ ಆಚಾರ್ರೊಬ್ಬರ ಭಾಷ್ಯವೂ ಇದೆ: “ಹಲ್ಗೆ ಹೊಡಿನಿ ಒಡಿಯರೆ, ಅಡ್ಡಿಲ್ಲ. ಹಿಂದ್ ಗಾಳಿ ಆಡುಕೆ ಜಾಗ ಬ್ಯಾಡ್ದಾ?” ನಾವು ಪುಟಗಟ್ಟಲೆ ಬರೆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಈ ಕ್ರಮ ವಿದ್ವತ್ತಿಗೆ ಶೋಭಿಸುವುದಿಲ್ಲ.

ಜೀವ-ಜಡ ಭೇದವೆಂದರೆ ಒರಲೆ. ನೆಲದಿಂದ ಎತ್ತಿ ಹೊಡೆದ ಹಲಗೆಯ ಬುಡದಲ್ಲಿ ಮಣ್ಣಿನ ಗೆರೆ ಏರುತ್ತಿದ್ದರೆ ಕಣ್ಣಿಗೆ ಬೀಳುತ್ತದೆ. ನೆಲಕ್ಕೆ ತಾಗಿಸಿದ್ದರೆ, ಒಳಗಿನದೆಲ್ಲ ಮುಗಿದು ಬಣ್ಣ ಮಾತ್ರ ನಿಂತಿರುವಾಗ ಗೊತ್ತಾಗುತ್ತದೆ. ಈಶ್ವರ ಸಂಬಂಧದ ಎರಡು ಭೇದಗಳನ್ನು ನಾವು ಮುಟ್ಟಿಲ್ಲ, ಅವು ಅಷ್ಟಮಠಗಳ ವ್ಯಾಪ್ತಿಗೆ ಸೇರಿದವು.

ಜೀವ-ಜೀವ ಭೇದ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಎಲ್ಲಿ ಬೇಕಾದರೂ ಮೊಳೆ ಹಿಡಿಯುವ ಗೋಡೆಯೊಂದು ಹಟ್ಟಿಯಲ್ಲಿ ತಯಾರಾದ ಸುದ್ದಿ ಅಡುಗೆಮನೆಗೆ ಮುಟ್ಟಿದ ಕೂಡಲೇ ಗೆರಸೆ, ಗೊರಬು, ಒದ್ದೆ ಕೊಡೆ, ಹಲಸಿನ ಹಪ್ಪಳದ ಚೀಲ ಒಂದೊಂದಾಗಿ ಬಂದು ನೇತಾಡತೊಡಗುತ್ತವೆ. ಗರಗಸಕ್ಕೆ ಜಾಗವೆಲ್ಲಿ ಎಂದು ಕೇಳಿದ ಯಜಮಾನರಿಗೆ ಸಿಕ್ಕ ಉತ್ತರವನ್ನು ಇಲ್ಲಿ ದಾಖಲಿಸುವಂತಿಲ್ಲ.