ಪರಸಂಪರ್ಕ ಮೀಮಾಂಸೆ: ಸಹೋದ್ಯೋಗಿಯ ವಿಳಾಸಪಟ್ಟಿಯ ಹಂಚಿಕೆಯನ್ನು ಕುರಿತ ಒಂದು ವಿಚಾರ

ಕಚೇರಿಯಲ್ಲಿ ಸಂಬಳ, ಹುದ್ದೆ, ಕಿಟಕಿಯ ಪಕ್ಕದ ಮೇಜು ಇವುಗಳನ್ನೇ ಸಂಪತ್ತೆಂದು ಎಣಿಸುವ ವಾಡಿಕೆ ಇದೆಯಾದರೂ, ಸೂಕ್ಷ್ಮವಾಗಿ ವಿಚಾರಿಸಿದರೆ ಅಲ್ಲಿನ ನಿಜವಾದ ಆಸ್ತಿ ಯಾರ ನಂಬರು ಯಾರ ಬಳಿ ಇದೆ ಎಂಬುದೇ ಆಗಿದೆ. ಈ ಆಸ್ತಿಯನ್ನು ಒಬ್ಬ ನೌಕರನ ಔಟ್‌ಲುಕ್‌ನಿಂದ ಇನ್ನೊಬ್ಬನ ಔಟ್‌ಲುಕ್‌ಗೆ, ಒಡೆತನವನ್ನು ಬಿಟ್ಟುಕೊಡದೆ, ಅನುಭೋಗಕ್ಕೆ ಮಾತ್ರ ಒದಗಿಸುವ ಕ್ರಿಯೆಯನ್ನು ಇಲ್ಲಿ ಪರಸಂಪರ್ಕ ಎಂದು ಕರೆಯಲಾಗಿದೆ. ಕೊಡುವವನು ದಾತೃ, ಪಡೆಯುವವನು ಪ್ರತಿಗ್ರಾಹಿ. ಯಾರ ನಂಬರು ಹೀಗೆ ಕೈಬದಲಾಗುತ್ತದೆಯೋ ಆ ಮೂರನೆಯವನಿಗೆ ಯಾವ ಪಾರಿಭಾಷಿಕ ಪದವನ್ನೂ ಇಟ್ಟಿಲ್ಲ, ಏಕೆಂದರೆ ಈ ವ್ಯವಹಾರದಲ್ಲಿ ಅವನನ್ನು ಯಾರೂ ಕೇಳುವುದಿಲ್ಲ.

ವಿಳಾಸಪಟ್ಟಿ ಎರಡು ಬಗೆ. ಮೊದಲನೆಯದು ಗ್ಲೋಬಲ್ ಅಡ್ರೆಸ್ ಲಿಸ್ಟ್, ಎಂದರೆ ಸಂಸ್ಥೆಯ ಸಮಸ್ತ ನೌಕರರ ವಿಳಾಸಗಳನ್ನು ಎಕ್ಸ್‌ಚೇಂಜ್ ಸರ್ವರ್ ಕಾಪಾಡಿಕೊಂಡು ಬರುವ ಸಾರ್ವಜನಿಕ ಪಟ್ಟಿ. ಇದರ ಪ್ರತಿಯಾದ ಆಫ್‌ಲೈನ್ ಅಡ್ರೆಸ್ ಬುಕ್ ಸಾಮಾನ್ಯವಾಗಿ 24 ಗಂಟೆಗೊಮ್ಮೆ ಮಾತ್ರ ಹೊಸದಾಗುವುದರಿಂದ, ಸೋಮವಾರ ಕೆಲಸಕ್ಕೆ ಸೇರಿದವನು ಮಂಗಳವಾರದವರೆಗೆ ಶಾಸ್ತ್ರರೀತ್ಯಾ ಹುಟ್ಟಿರುವುದಿಲ್ಲ. ಎರಡನೆಯದು ಸ್ವಂತ ಕಾಂಟ್ಯಾಕ್ಟ್ಸ್. ಉಪಯೋಗಕ್ಕೆ ಬರುವ ನಂಬರೆಲ್ಲ ಇರುವುದು ಇದರಲ್ಲೇ. ಬೆಂಗಳೂರಿನ ಯಾವುದೇ ಆಡಳಿತ ವಿಭಾಗದ ಹಿರಿಯ ಗುಮಾಸ್ತರ ಕಾಂಟ್ಯಾಕ್ಟ್ಸ್ ತೆರೆದರೆ ‘ಮಂಜು ಎಸಿ ರಿಪೇರಿ ಹೊಸಬ’, ‘ಮಂಜು ಎಸಿ ರಿಪೇರಿ ಹಳಬ’, ‘ಕ್ಯಾಟರಿಂಗ್ ಭಟ್ರು, ಅಡ್ವಾನ್ಸ್ ಕೊಡಬೇಡ’, ‘ಎಂಡಿ ಪಿಎ, ಊಟ ಆದ್ಮೇಲೆ ಮಾಡು’ ಎಂಬಂಥ ನಮೂದುಗಳು ಕಂಡುಬರುತ್ತವೆ. ಹಂಚಿಕೆಯಾದೊಡನೆ ಈ ವ್ಯಾಖ್ಯಾನಭಾಗವೂ ಮೂಲದ ಜೊತೆಗೇ ಹೋಗುತ್ತದೆ ಎಂಬುದನ್ನು ದಾತೃಗಳು ಮರೆಯುತ್ತಾರೆ. ಒಂದೊಂದು ನಮೂದನ್ನೂ ಪ್ರೈವೇಟ್ ಎಂದು ಗುರುತಿಸುವ ಅನುಕೂಲ ಇದ್ದೇ ಇದೆ, ಆದರೆ ಅದನ್ನೇ ನಂಬಿ ಕೂರಬಾರದೆಂದು ತಯಾರಕರೇ ಎಚ್ಚರಿಸಿದ್ದಾರೆ.

ಇನ್ನು ಅಧಿಕಾರಭೇದ. ಕಾಂಟ್ಯಾಕ್ಟ್ಸ್ ಇರುವ ಕಡತವನ್ನು ಹಂಚುವಾಗ ಔಟ್‌ಲುಕ್ ಒಂಬತ್ತು ಮೆಟ್ಟಿಲುಗಳ ಶ್ರೇಣಿಯನ್ನು ಮುಂದಿಡುತ್ತದೆ. ಇದರ ತತ್ತ್ವ ದೇವಸ್ಥಾನ ಕಂಡವರಿಗೆ ಹೊಸದಲ್ಲ. ಓನರ್ ಎಂಬವನು ಗರ್ಭಗುಡಿಯ ಅರ್ಚಕ. ಅವನಿಗೆ ಎಲ್ಲವೂ ಸಲ್ಲುತ್ತದೆ, ಇತರರಿಗೆ ಅಧಿಕಾರ ಕೊಡುವುದೂ ಸಲ್ಲುತ್ತದೆ. ಎಡಿಟರ್ ಶುಕನಾಸಿಯವರೆಗೆ ಬಂದು ಎಲ್ಲರ ನಮೂದುಗಳನ್ನೂ ತಿದ್ದಬಲ್ಲ, ಅಳಿಸಬಲ್ಲ. ಆಥರ್ ಎಲ್ಲವನ್ನೂ ಓದಬಲ್ಲನಾದರೂ ತನ್ನ ನಮೂದನ್ನಷ್ಟೇ ತಿದ್ದಬಲ್ಲ. ರಿವ್ಯೂವರ್ ನವರಂಗದಲ್ಲಿ ನಿಂತು ದರ್ಶನ ಮಾತ್ರ ಪಡೆಯುತ್ತಾನೆ. ಎಲ್ಲರಿಗಿಂತ ಕುತೂಹಲಕಾರಿಯಾದವನು ಕಾಂಟ್ರಿಬ್ಯೂಟರ್: ಅವನು ಹೊಸ ನಮೂದನ್ನು ಸೇರಿಸಬಹುದು, ಒಳಗೇನಿದೆ ಎಂದು ಇಣುಕುವಂತಿಲ್ಲ, ಎಂದರೆ ಹುಂಡಿಗೆ ಹಾಕುವ ಭಕ್ತನ ಸ್ಥಿತಿ. ನಾನ್‌ಎಡಿಟಿಂಗ್ ಆಥರ್ ಎಂಬ ಇನ್ನೊಬ್ಬನಿದ್ದಾನೆ. ತಾನು ಬರೆದದ್ದನ್ನು ಅಳಿಸುವ ಹಕ್ಕು ಅವನಿಗುಂಟು, ತಿದ್ದುವ ಹಕ್ಕಿಲ್ಲ. ಇಂಥ ಶಿಕ್ಷೆಯನ್ನು ಯಾವ ಪಾಪಕ್ಕಾಗಿ ವಿಧಿಸಲಾಯಿತೆಂಬುದು ಜಿಜ್ಞಾಸುಗಳ ಚರ್ಚೆಗೆ ಬಿಟ್ಟ ವಿಷಯ. ವ್ಯವಹಾರದಲ್ಲಿ ಮಾತ್ರ ಈ ಒಂಬತ್ತರಲ್ಲಿ ಎರಡೇ ಉಳಿದಿವೆ: ಅಸಡ್ಡೆಯವರು ಎಲ್ಲರನ್ನೂ ಓನರ್ ಮಾಡುತ್ತಾರೆ, ಅನುಮಾನದವರು ‘ಯಾರ ನಂಬರ್ ಬೇಕೋ ಕೇಳಿ, ವಾಟ್ಸ್ಆ್ಯಪ್ ಮಾಡ್ತೀನಿ’ ಎನ್ನುತ್ತಾರೆ.

ನಾಮಪ್ರಕರಣವು ಈ ಶಾಸ್ತ್ರದ ಅತ್ಯಂತ ಜಟಿಲ ಭಾಗ. ಸಂಪರ್ಕಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ವಿಕಾರ್ಡ್ ಎಂಬ ವಿಧಾನದ ಮೂರನೆಯ ಆವೃತ್ತಿ 1998ರಲ್ಲಿ ಅಂತರ್ಜಾಲದ ಮಾನಕವಾಗಿ ಪ್ರಕಟವಾಯಿತು. ಅದು ಮನುಷ್ಯನ ಹೆಸರನ್ನು ಮನೆತನ, ಇಟ್ಟ ಹೆಸರು, ನಡುವಣ ಹೆಸರು, ಮುಂದಿನ ಬಿರುದು, ಹಿಂದಿನ ಬಿರುದು ಎಂದು ಐದು ಖಾನೆಗಳಲ್ಲಿ ಇಡಬೇಕೆಂದು ವಿಧಿಸುತ್ತದೆ. ಇದನ್ನು ರಚಿಸಿದವರು ಹಳೇ ಮೈಸೂರಿನವರಲ್ಲವೆಂಬುದು ಸ್ವಯಂವೇದ್ಯ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ಮಂಜುನಾಥ ಎಂದು ಬಾಳುತ್ತ ಬಂದವನಿಗೆ ಮನೆತನದ ಖಾನೆಯಲ್ಲಿ ತುಂಬಲು ಏನೂ ಇಲ್ಲ. ಒಬ್ಬ ಗುಮಾಸ್ತ ಅಲ್ಲಿ ಇನಿಷಿಯಲ್ ಬರೆಯುತ್ತಾನೆ, ಇನ್ನೊಬ್ಬ ಮಂಜುನಾಥ ಎಂದೇ ಬರೆಯುತ್ತಾನೆ, ಮೂರನೆಯವನು ಒಂದು ಚುಕ್ಕೆ ಇಟ್ಟು ಮುಂದೆ ಸಾಗುತ್ತಾನೆ. ಪರಿಣಾಮವಾಗಿ ಒಬ್ಬನೇ ಮಂಜುನಾಥ ಪಟ್ಟಿಯ ಮೂರು ಕಡೆ ವಾಸಿಸುತ್ತಾನೆ, ಧಾರವಾಡದ ಕಡೆಯ ಪಾಟೀಲರೆಲ್ಲ ಮಾತ್ರ ಅಚ್ಚುಕಟ್ಟಾಗಿ ಒಂದೇ ಕಡೆ ಸೇರಿಕೊಂಡು ಯಾರು ಯಾವ ಪಾಟೀಲರೆಂದು ತಿಳಿಯದಂತಾಗುತ್ತದೆ.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ: ಹಂಚಿಕೆಯ ಅಧಿಕಾರ ದೊರೆತ ಮೇಲೆ ಆ ಕಡತ ಪ್ರತಿಗ್ರಾಹಿಯ ಅಡ್ರೆಸ್ ಬುಕ್ಕಿನಲ್ಲೂ ಕಾಣಬೇಕಲ್ಲವೆ? ಕಾಣುವುದಿಲ್ಲ ಎಂಬುದು ಸಿದ್ಧಾಂತ. ಸಹೋದ್ಯೋಗಿಯ ಕಡತವನ್ನು ಪಕ್ಕದ ಪಟ್ಟಿಯಲ್ಲಿ ತೆರೆದು ಕಣ್ತುಂಬ ನೋಡಬಹುದು. ಆದರೆ ಹಳೆಯ ಔಟ್‌ಲುಕ್‌ನಲ್ಲಿ ಪತ್ರ ಬರೆಯುವಾಗ ‘ಟು’ ಒತ್ತಿದರೆ ಅದು ಅಲ್ಲಿರುವುದಿಲ್ಲ, ಅದನ್ನು ಅಲ್ಲಿಗೆ ತರಬೇಕಾದ ಚೌಕ ಬೂದುಬಣ್ಣಕ್ಕೆ ತಿರುಗಿ ಟಿಕ್ಕಿಗೆ ಒಗ್ಗದೆ ಕುಳಿತಿರುತ್ತದೆ. ಆದಕಾರಣ ಪ್ರತಿಗ್ರಾಹಿಯು ಎರಡು ಕಿಟಕಿಗಳನ್ನು ತೆರೆದು, ಒಂದರಲ್ಲಿ ನೋಡಿ ಇನ್ನೊಂದರಲ್ಲಿ ಟೈಪು ಮಾಡುತ್ತಾನೆ. ಐಟಿಯವರನ್ನು ಕೇಳಿದರೆ ಟಿಕೆಟ್ ಹಾಕಿ ಎನ್ನುತ್ತಾರೆ.

ಅನುಮತಿ, ಶ್ರೇಣಿ, ಟಿಕೆಟ್ ಯಾವುದರ ಹಂಗೂ ಇಲ್ಲದೆ ಪರಸಂಪರ್ಕವನ್ನು ಸಾಧಿಸಿದವರೂ ಇತಿಹಾಸದಲ್ಲಿದ್ದಾರೆ. 1999ರ ಮಾರ್ಚಿನಲ್ಲಿ ಹರಡಿದ ಮೆಲಿಸ್ಸಾ ಎಂಬ ವೈರಸ್ ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳಿಸಿಕೊಂಡಿತು. 2000ದ ಮೇ ತಿಂಗಳಲ್ಲಿ ಬಂದ ಐ ಲವ್ ಯೂ ಆ ಮಿತಿಯನ್ನೂ ಒಲ್ಲದೆ ಪಟ್ಟಿಯಲ್ಲಿದ್ದವರಿಗೆಲ್ಲ ಪ್ರೇಮಪತ್ರ ರವಾನಿಸಿತು. ಮೇಲಧಿಕಾರಿಗೂ ಮಂಜು ಎಸಿ ರಿಪೇರಿಗೂ ಒಂದೇ ಒಕ್ಕಣೆಯ ಪತ್ರವನ್ನು ಕಳಿಸುವಷ್ಟು ಸಮಭಾವ ಮನುಷ್ಯರ ಕಚೇರಿಗಳಲ್ಲಿ ಅದಕ್ಕೆ ಮೊದಲೂ ಆಮೇಲೂ ಕಂಡುಬಂದಿಲ್ಲ.

ಇನ್ನು ಕಾನೂನಿನ ಪ್ರಶ್ನೆ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯ ಖಾಸಗಿ ಹಾಗೂ ಗೃಹಕೃತ್ಯದ ಬಳಕೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆಫೀಸಿನ ಔಟ್‌ಲುಕ್‌ನಲ್ಲಿರುವ ಭಟ್ಟರ ನಂಬರನ್ನು ಗೃಹಪ್ರವೇಶಕ್ಕೆ ಪಡೆದರೆ ಅದು ಯಾವ ಕೃತ್ಯವಾಗುತ್ತದೆ ಎಂಬುದನ್ನು ನ್ಯಾಯಾಲಯದ ಮುಂದೆ ಒಯ್ಯುವ ಉತ್ಸಾಹ ಸದ್ಯಕ್ಕೆ ಭಟ್ಟರಿಗಿಲ್ಲ.

ಕೊನೆಯದಾಗಿ ಲಯಪ್ರಕರಣ. ದಾತೃವು ನಿವೃತ್ತನಾಗಿ ಅವನ ಖಾತೆಯನ್ನು ಅಳಿಸಿದರೆ, ಮೈಕ್ರೋಸಾಫ್ಟ್ 365ರಲ್ಲಿ ಅಂಚೆಪೆಟ್ಟಿಗೆಯು ಸಾಮಾನ್ಯವಾಗಿ 30 ದಿನ ಮರಳಿ ಪಡೆಯಬಹುದಾದ ಸ್ಥಿತಿಯಲ್ಲಿದ್ದು, ಆಮೇಲೆ ಕಾಂಟ್ಯಾಕ್ಟ್ಸ್ ಸಮೇತ ಇಲ್ಲವಾಗುತ್ತದೆ. ಸುದ್ದಿ ಪ್ರತಿಗ್ರಾಹಿಗಳಿಗೆ ತಿಳಿಯುವುದು ಏಪ್ರಿಲ್ ತಿಂಗಳಲ್ಲಿ, ಮೀಟಿಂಗ್ ರೂಮಿನ ಎಸಿ ಕೆಟ್ಟಾಗ. ಆಗ ಓನರ್‌ನಿಂದ ರಿವ್ಯೂವರ್‌ವರೆಗೆ ಎಲ್ಲರೂ ಸೇರಿ, ಮೊಮ್ಮಗನನ್ನು ಶಾಲೆಗೆ ಬಿಡಲು ಹೊರಟಿರುವ ನಿವೃತ್ತರಿಗೆ ಫೋನು ಹಚ್ಚಿ, ‘ಸಾರ್, ಚೆನ್ನಾಗಿದೀರಾ, ಆರೋಗ್ಯ ಹೇಗಿದೆ’ ಎಂಬ ಮಂಗಳಾಚರಣೆಯ ನಂತರ ಹೊಸ ಮಂಜುವಿನ ನಂಬರು ಕೇಳುತ್ತಾರೆ; ಅವರು ಹಳೇ ಮಂಜುವಿನದನ್ನು ಕೊಡುತ್ತಾರೆ.